ಮದುವೆ ಮನೆಯ ನಗು ಮತ್ತು ಕುಲೆಶೋವ್

ಎರಡು ವರ್ಷದ ಹಿಂದೆ ನಾನೊಂದು ರೀಲ್ ಮಾಡಿದ್ದೆ. ಒಣಗಿದ ಹೊಲದಲ್ಲಿ ಕೂತ ರೈತ, ಮುಂದಿನ ಶಾಟ್‌ನಲ್ಲಿ ನಗುತ್ತಿರುವ ರಾಜಕಾರಣಿ. ಅಷ್ಟೇ. ಜನ ಕೆಂಡವಾದರು, ಶೇರ್ ಮೇಲೆ ಶೇರ್. ಆದ್ರೆ ಆ ನಗು ಯಾವುದೋ ಮದುವೆ ಮನೆಯದು ಅಂತ ನನಗೆ ಗೊತ್ತಿತ್ತು. ಒಂದು ಮಾತೂ ಆಡದೆ ಸುಳ್ಳು ಹೇಳಿದ್ದೆ. ಇದು ಹೇಗೆ ಸಾಧ್ಯ ಅಂತ ಹುಡುಕುತ್ತಾ ಹೋದಾಗ ಸಿಕ್ಕವನು ಲೆವ್ ಕುಲೆಶೋವ್.

1899ರಲ್ಲಿ ರಷ್ಯಾದ ತಾಂಬೋವ್‌ನಲ್ಲಿ ಹುಟ್ಟಿದ ಈತ ಮಾಸ್ಕೋದಲ್ಲಿ ಚಿತ್ರಕಲೆ ಕಲಿತ. ಹದಿಹರೆಯದಲ್ಲೇ ಸಿನಿಮಾ ಸೆಟ್ ವಿನ್ಯಾಸಕ್ಕೆ ಇಳಿದ. ಮೊದಲ ಚಿತ್ರ ಮಾಡುವಾಗಲೇ ಒಂದು ತೊಡಕು ಬಂತು: ಪಾತ್ರಗಳು ವಿದ್ಯುತ್ ಕಂಬಗಳನ್ನು ನೋಡಬೇಕು, ಕಂಬಗಳಿರೋದು ಬೇರೆಲ್ಲೋ. ನೋಡುವವರನ್ನು ಒಂದು ಕಡೆ, ಕಂಬಗಳನ್ನು ಇನ್ನೊಂದು ಕಡೆ ಚಿತ್ರೀಕರಿಸಿ ಅಂಟಿಸಿದ. ಕಣ್ಣು ನಂಬಿಬಿಟ್ಟಿತು!

ಕ್ರಾಂತಿಯ ನಂತರ ಮಾಸ್ಕೋದ ಸರ್ಕಾರಿ ಸಿನಿಮಾ ಶಾಲೆಯಲ್ಲಿ ಪಾಠ ಶುರುಮಾಡಿದ. ಕಚ್ಚಾ ಫಿಲ್ಮ್‌ಗೆ ಬರ. ಶಿಷ್ಯರು ಫಿಲ್ಮ್ ಇಲ್ಲದೆಯೇ ದೃಶ್ಯಗಳನ್ನು ಅಭಿನಯಿಸಿ ಅಭ್ಯಾಸ ಮಾಡುತ್ತಿದ್ದರು. ಹಳೇ ತುಣುಕುಗಳನ್ನೂ ಬಿಡಲಿಲ್ಲ. ನಟ ಮೊಜ಼ುಖಿನ್‌ನ ಭಾವವಿಲ್ಲದ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಜೋಡಿಸಿದರು. ನೋಡಿದವರಿಗೆ ಮೊದಲನೆಯದರಲ್ಲಿ ಗಾಢ ಆಲೋಚನೆ, ಎರಡನೆಯದರಲ್ಲಿ ದುಃಖ ಕಂಡಿತು ಅಂತ ಶಿಷ್ಯ ಪುದೋವ್ಕಿನ್ ಆಮೇಲೆ ದಾಖಲಿಸಿದ. ಆ ತುಣುಕು ಇವತ್ತು ಉಳಿದಿಲ್ಲ. ಮತ್ತೊಂದು ಪ್ರಯೋಗದಲ್ಲಿ ಮಾಸ್ಕೋದ ಬೀದಿಗಳಲ್ಲಿ ನಡೆದ ಇಬ್ಬರು ವಾಷಿಂಗ್ಟನ್ನಿನ ಶ್ವೇತಭವನ ನೋಡುವ ಹಾಗೆ ಮಾಡಿದ. ಅವರ್ಯಾರೂ ಅಮೆರಿಕಕ್ಕೆ ಹೋಗಿರಲಿಲ್ಲ.

ಅರ್ಥ ಹುಟ್ಟೋದು ಚಿತ್ರದೊಳಗಷ್ಟೇ ಅಲ್ಲ, ಎರಡು ಚಿತ್ರಗಳ ನಡುವೆ. ಉಳಿದದ್ದನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತೆ. ಕುಲೆಶೋವ್ ಕಲಿಸಿದ್ದು ಇದನ್ನೇ.

ಆದರೆ ಜೋಡಿಸೋದು ಸಿನಿಮಾದವರಷ್ಟೇ ಅಲ್ಲ. 1930ರ ದಶಕದಲ್ಲಿ ಸ್ಟಾಲಿನ್ ಕಾಲದ ಸಾಂಸ್ಕೃತಿಕ ವ್ಯವಸ್ಥೆ ಅವನ ಹೆಸರಿನ ಪಕ್ಕ 'ರೂಪವಾದಿ' ಎಂಬ ಪದ ಅಂಟಿಸಿತು. ಅಷ್ಟು ಸಾಕಿತ್ತು. ಅವನ ಎಲ್ಲ ಕೆಲಸವನ್ನೂ ಆ ಪದದ ಮೂಲಕವೇ ನೋಡಲಾಯಿತು. ಸಾರ್ವಜನಿಕವಾಗಿ ತಪ್ಪೊಪ್ಪಿಕೊಂಡ. ನಿರ್ದೇಶನದ ಅವಕಾಶ ಕಡಿಮೆಯಾಯಿತು. ಪಾಠ ಮಾತ್ರ ಬಿಡಲಿಲ್ಲ, 1970ರಲ್ಲಿ ತೀರಿಕೊಂಡ.

ನಾನು ಆ ರೀಲ್ ಅಳಿಸಿ, ನಗು ಎಲ್ಲಿಯದು ಅಂತ ಹೇಳಿ ಇನ್ನೊಂದು ಹಾಕಿದೆ. ಯಾರೂ ಶೇರ್ ಮಾಡಲಿಲ್ಲ. ರೈತನ ಸಂಕಟ ನಿಜವೇ ಆಗಿತ್ತು, ಅದಕ್ಕೆ ನನ್ನ ಸುಳ್ಳು ಬೇಕಿರಲಿಲ್ಲ. ಈಗ ಯಾವ ವಿಡಿಯೋ ನೋಡಿ ರಕ್ತ ಕುದ್ದರೂ ಮೊದಲು ಒಂದು ಪ್ರಶ್ನೆ ಕೇಳ್ಕೋತೀನಿ: ಈ ಎರಡು ಶಾಟ್‌ಗಳನ್ನು ಜೋಡಿಸಿದ್ದು ಯಾರು?