ಲೆಕ್ಕದ ಭಕ್ತಿ, ಪ್ರೀತಿಯ ಭಕ್ತಿ: ಪಂಡಿತಾ ರಮಾಬಾಯಿಯವರ ಜೀವನದಿಂದ

ಈ ದಿನ ದೇವರ ಒಬ್ಬ ಮಗಳ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಅದಕ್ಕೆ ಮೊದಲು ನನ್ನದೊಂದು ತಪ್ಪು ಹೇಳಬೇಕು.

ನನ್ನ ಹತ್ರ ಒಂದು ನೋಟ್‌ಬುಕ್ ಇತ್ತು. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಯಾರು ಬಂದ್ರು, ಯಾರು ಬರಲಿಲ್ಲ, ಎಲ್ಲಾ ಬರೆದಿಡ್ತಿದ್ದೆ. ಮೂರು ವಾರ ಬಾರದ ಒಬ್ಬ ಅಕ್ಕನನ್ನು ಸಭೆಯ ಮುಂದೆಯೇ ಗದರಿಸಿದೆ. ಅವರು ತಲೆ ತಗ್ಗಿಸಿ ಹೋದರು. ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬರೇ ನೋಡಿಕೊಳ್ತಿದ್ರು ಅಂತ ಆಮೇಲೆ ತಿಳೀತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೈಬಲ್ ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದ ರಮಾಬಾಯಿಯವರ ಸಾಕ್ಷಿಯನ್ನು ಮತ್ತೆ ಓದಿದೆ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. ಸಾವಿರಾರು ಶ್ಲೋಕ ಆ ಹುಡುಗಿಯ ಬಾಯಲ್ಲೇ ಇದ್ದವು. ಆದರೆ ಬರಗಾಲ ಬಂತು. ತಂದೆ, ತಾಯಿ, ಅಕ್ಕ ಎಲ್ಲರೂ ತೀರಿಕೊಂಡರು. ಉಳಿದ ಅಣ್ಣತಂಗಿ ಹಸಿದ ಹೊಟ್ಟೆಯಲ್ಲಿ ಊರೂರು ನಡೆದು ಕಲ್ಕತ್ತ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ ಎಂಬ ಬಿರುದು ಕೊಟ್ಟರು. ಮುಂದೆ ಅಣ್ಣನೂ ಹೋದ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ ತೀರಿಹೋದ. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಫುಲಮ್‌ನಲ್ಲಿ, ಸಮಾಜ ಕೈಬಿಟ್ಟ ಹೆಣ್ಣುಮಕ್ಕಳನ್ನು ಕ್ರೈಸ್ತ ಸಹೋದರಿಯರು ಸ್ವಂತದವರಂತೆ ನೋಡಿಕೊಳ್ಳುವುದನ್ನು ಕಂಡರು. ಇಂಥವರ ಮೇಲೆ ಇವರಿಗೇಕೆ ಇಷ್ಟು ಕರುಣೆ ಅಂತ ಕೇಳಿದಾಗ, ಯೇಸು ಸಮಾರ್ಯದ ಸ್ತ್ರೀಯ ಜೊತೆ ಬಾವಿಯ ಬಳಿ ಮಾತಾಡಿದ ಭಾಗವನ್ನು ಓದಿ ತೋರಿಸಿದರು. ಆಕೆಯ ಹೃದಯ ಕರಗಿತು. ಅದೇ ವರ್ಷ ತಾಯಿಮಗಳು ದೀಕ್ಷಾಸ್ನಾನ ಮಾಡಿಸಿಕೊಂಡರು.

ಇಲ್ಲಿಗೆ ಸಾಕ್ಷಿ ಮುಗೀತು ಅಂದುಕೊಂಡ್ರಾ? ಇಲ್ಲ, ಪ್ರಿಯರೇ. ಮುಂದಿನ ಎಂಟು ವರ್ಷ ಆಕೆ ಆರಾಧನೆ ಬಿಡಲಿಲ್ಲ, ಸೇವೆ ಬಿಡಲಿಲ್ಲ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನೂ ತೆರೆದರು. ಆದರೂ ಒಳಗೆ ಸಮಾಧಾನವಿಲ್ಲ. ಕ್ರೈಸ್ತ ಧರ್ಮ ಕೈಗೆ ಬಂದಿದೆ, ಕ್ರಿಸ್ತನು ಮಾತ್ರ ಇನ್ನೂ ಸಿಕ್ಕಿಲ್ಲ ಅಂತ ಆಕೆಗೇ ಕಂಡಿತು. 1891ರ ಸುಮಾರಿಗೆ, ತಾನು ಮಾಡಿದ್ದನ್ನೆಲ್ಲ ಬದಿಗಿಟ್ಟು, ಕಲ್ವಾರಿಯಲ್ಲಿ ಆತನು ಮಾಡಿದ್ದರ ಮೇಲೆ ಮಾತ್ರ ಭಾರ ಹಾಕಿದರು. ಸಂತೋಷ ಬಂತು. ದೇವರಿಗೆ ಸ್ತೋತ್ರ!

ಆ ಸಂತೋಷದ ಫಲ ನೋಡಿ. 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರಗಾಲ ಬಿತ್ತು. ಯಾರೂ ಆಜ್ಞೆ ಮಾಡಲಿಲ್ಲ, ಯಾರ ನೋಟ್‌ಬುಕ್ಕಿನಲ್ಲೂ ಆಕೆಯ ಹೆಸರು ಇರಲಿಲ್ಲ. ಹಸಿವು ಏನೆಂದು ತಿಳಿದಿದ್ದ ಆಕೆಯೇ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಬೆಳೆಯಿತು. ಫುಲಮ್‌ನಲ್ಲಿ ಕಂಡಿದ್ದಂಥ ಮನೆಯನ್ನೂ ಅಲ್ಲಿ ಕಟ್ಟಿದರು. ಹೆಸರು ಕೃಪಾ ಸದನ. 1905ರ ಜೂನ್‌ನಲ್ಲಿ ಪವಿತ್ರಾತ್ಮನ ಸುರಿಸೋಣ ಆದದ್ದು ಆ ಅನಾಥ ಹುಡುಗಿಯರ ಮೇಲೆಯೇ, ಹಲ್ಲೆಲೂಯ! ಆಮೇಲೂ ಆಕೆ ಸುಮ್ಮನೆ ಕೂರಲಿಲ್ಲ. ಓದುಬರಹ ಕಡಿಮೆಯಿದ್ದ ಹೆಂಗಸರಿಗೂ ಅರ್ಥವಾಗಲಿ ಅಂತ ಇಬ್ರಿಯ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮನೋರಮಾ ತೀರಿಕೊಂಡಾಗಲೂ ಆ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಲೂಕ 15ರ ಹಿರಿಯ ಮಗ ನೆನಪಿದ್ದಾನಾ? ಮನೆ ಬಿಟ್ಟು ಹೋಗಲಿಲ್ಲ, ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ಆದರೆ ತಮ್ಮ ಬಂದಾಗ ಖುಷಿಪಡೋಕೆ ಆಗಲಿಲ್ಲ. ಮಗನಾಗಿದ್ದೂ ಆಳಿನ ಹಾಗೆ ದುಡೀತಿದ್ದ. ನನ್ನ ನೋಟ್‌ಬುಕ್ ಅವನದೇ ನೋಟ್‌ಬುಕ್. ಉಪವಾಸ ಬಿಡಿ ಅಂತ ನಾನು ಹೇಳ್ತಿಲ್ಲ. ಯಾರಿಗಾಗಿ ಮಾಡ್ತೀವಿ, ಯಾಕೆ ಮಾಡ್ತೀವಿ, ಅದನ್ನು ಕೇಳಿಕೊಳ್ಳಿ.

ಕಳೆದ ವಾರ ಆ ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಅತ್ತೆಗೆ ಗಂಜಿ ಕುಡಿಸ್ತಾ ಇದ್ರು. ನನ್ನ ಬಾಯಿಂದ ಪ್ರಸಂಗ ಬರಲಿಲ್ಲ. ಮಂಚದ ಪಕ್ಕದಲ್ಲೇ ಕೂತು ಪ್ರಾರ್ಥನೆ ಮಾಡಿದ್ವಿ. ಬಾರದವರ ಹೆಸರು ಈಗಲೂ ಬರೆದುಕೊಳ್ತೀನಿ. ಅವರನ್ನು ನೋಡೋಕೆ ನಾನು ಹೋಗಬೇಕಾದ ದಿನವನ್ನೂ ಪಕ್ಕದಲ್ಲೇ ಬರೀತೀನಿ.

ದೇವರು ಈ ಮಾತುಗಳನ್ನು ಆಶೀರ್ವದಿಸಲಿ. ಆಮೆನ್.