ಪಟ್ಟಿಯಲ್ಲಿಲ್ಲದ ಹಾಡು

ಮೊನ್ನೆ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಪ್ಲೇಸ್‌ಮೆಂಟ್‌ಗೆಂದು ರೆಸ್ಯೂಮೆ ಟೈಪ್ ಮಾಡುತ್ತಾ ಕುಳಿತಿದ್ದೆ. ಕಿವಿಯಲ್ಲಿ ‘ದಿ ಕ್ಲ್ಯಾಶ್’ ಎಂಬ ಬ್ರಿಟಿಷ್ ಪಂಕ್ ಬ್ಯಾಂಡಿನ ‘ದಿ ಸಿಂಗಲ್ಸ್’ ಆಲ್ಬಂ. 1991ರಲ್ಲಿ ಬಂದ ಈ ಸಂಕಲನದಲ್ಲಿ ಬ್ಯಾಂಡಿನ 18 ಹಾಡುಗಳಿವೆ. ಆದರೆ 1985ರ ‘ದಿಸ್ ಈಸ್ ಇಂಗ್ಲೆಂಡ್’ ಇಲ್ಲ. ಆ ಹಾಡಿನ ಹಿಂದೆ ಬಿದ್ದ ನನಗೆ ಸಿಕ್ಕಿದ್ದು ಗಾಯಕ ಜೋ ಸ್ಟ್ರಮರ್‌ನ ಬದುಕು.

ಅವನ ನಿಜವಾದ ಹೆಸರು ಜಾನ್ ಗ್ರಹಾಂ ಮೆಲ್ಲರ್. ಹುಟ್ಟಿದ್ದು 1952ರಲ್ಲಿ, ಟರ್ಕಿಯ ಅಂಕಾರಾದಲ್ಲಿ. ಅಪ್ಪ ಬ್ರಿಟಿಷ್ ವಿದೇಶಾಂಗ ಸೇವೆಯ ನೌಕರ. ಆ ಅಪ್ಪ ಹುಟ್ಟಿದ್ದು ನಮ್ಮ ಲಖನೌದಲ್ಲಿ! ವರ್ಗಾವಣೆಯಿಂದಾಗಿ ಕೈರೋ, ಮೆಕ್ಸಿಕೊ ಸಿಟಿ, ಬಾನ್ ಸುತ್ತಿದ ಹುಡುಗ ಒಂಬತ್ತರ ವಯಸ್ಸಿಗೆ ಬೋರ್ಡಿಂಗ್ ಶಾಲೆ ಸೇರಿದ. 1970ರಲ್ಲಿ ಅಣ್ಣ ಡೇವಿಡ್ ಆತ್ಮಹತ್ಯೆ ಮಾಡಿಕೊಂಡ. ಜೋ ಲಂಡನ್ನಿನ ಕಲಾಶಾಲೆ ಸೇರಿ ಅರ್ಧಕ್ಕೇ ಬಿಟ್ಟ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸ ಮಾಡಿದ. ಲಂಡನ್ನಿನ ಭೂಗತ ರೈಲು ನಿಲ್ದಾಣಗಳಲ್ಲಿ ವಾದ್ಯ ನುಡಿಸಿ ಚಿಲ್ಲರೆ ಕಾಸು ಸಂಪಾದಿಸಿದ. ಎಡಗೈಯವನಾದರೂ ಗಿಟಾರನ್ನು ಬಲಗೈಯಲ್ಲೇ ಕಲಿತ. ಸೂಕ್ಷ್ಮವಾಗಿ ನುಡಿಸಲು ಬಾರದೆ ತಂತಿಗಳನ್ನೆಲ್ಲ ಒಟ್ಟಿಗೆ ಮೀಟುತ್ತಿದ್ದ. ಆ ಕೊರತೆಯನ್ನೇ ಹೆಸರಾಗಿಸಿಕೊಂಡು ‘ಸ್ಟ್ರಮರ್’ ಆದ.

1976ರಲ್ಲಿ ಮಿಕ್ ಜೋನ್ಸ್ ಸಿಕ್ಕಿದ. ಹೆಚ್ಚಾಗಿ ಜೋ ಸಾಲು ಬರೆದರೆ ಮಿಕ್ ರಾಗ ಕೂಡಿಸುತ್ತಿದ್ದ. ಇವನಿಗೆ ಬಾರದ್ದು ಅವನಿಗೆ ಬರುತ್ತಿತ್ತು. ಪಾಲ್ ಸಿಮೊನನ್ ಜೊತೆ ಕಟ್ಟಿದ ಆ ಬ್ಯಾಂಡ್ ನಿರುದ್ಯೋಗ, ಜನಾಂಗೀಯ ದ್ವೇಷದ ವಿರುದ್ಧ ಹಾಡಿತು. 1979ರ ‘ಲಂಡನ್ ಕಾಲಿಂಗ್’ನಲ್ಲಿ ಎರಡು ರೆಕಾರ್ಡುಗಳಿದ್ದರೂ ಒಂದರ ಬೆಲೆಗೇ ಮಾರಿದರು. ಕೈಯಲ್ಲಿ ಕಾಸಿಲ್ಲದ ಅಭಿಮಾನಿಗಳು ಅವರಿಗೆ ಮುಖ್ಯವಾಗಿದ್ದರು.

ಹೆಸರು ಬಂತು, ಹಿಂದೆಯೇ ಜಗಳವೂ ಬಂತು. 1983ರಲ್ಲಿ ಜೋ ಮತ್ತು ಪಾಲ್ ಸೇರಿ ಮಿಕ್‌ನನ್ನೇ ಹೊರಹಾಕಿದರು. ಹೊಸಬರನ್ನು ಸೇರಿಸಿಕೊಂಡು 1985ರಲ್ಲಿ ಮಾಡಿದ ಆಲ್ಬಂ ನೆಲಕಚ್ಚಿತು. ಸಂಕಲನದಲ್ಲಿ ಇಲ್ಲದ ಆ ಹಾಡು ಇದೇ ಆಲ್ಬಂನದು. ತಪ್ಪು ಅರಿವಾಗಿ ಜೋ, ಮಿಕ್‌ನನ್ನು ಹುಡುಕಿಕೊಂಡು ಬಹಾಮಾಸ್‌ಗೆ ಹೋಗಿ ಮತ್ತೆ ಬಾ ಎಂದು ಕೇಳಿಕೊಂಡ. ಮಿಕ್ ಅಷ್ಟರಲ್ಲಿ ಬೇರೆ ಬ್ಯಾಂಡ್ ಕಟ್ಟಿಕೊಂಡಿದ್ದ, ಒಪ್ಪಲಿಲ್ಲ. ಆದರೂ ಜೋ ಮುನಿಸಿಕೊಳ್ಳಲಿಲ್ಲ. 1986ರಲ್ಲಿ ಮಿಕ್‌ನ ಹೊಸ ಬ್ಯಾಂಡಿನ ಆಲ್ಬಂಗೇ ಹಾಡು ಬರೆಯಲು ಕೈಜೋಡಿಸಿದ. ‘ದಿ ಕ್ಲ್ಯಾಶ್’ ಮಾತ್ರ ಮುಗಿದಿತ್ತು.

1991ರಲ್ಲಿ ಒಂದು ಜೀನ್ಸ್ ಜಾಹೀರಾತಿನಿಂದಾಗಿ ಅವರ ಹಳೆಯ ಹಾಡೊಂದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಆ ಹಾಡಿನಲ್ಲಿ ಮುಖ್ಯ ಧ್ವನಿ ಮಿಕ್‌ನದೇ! ಗೆಳೆಯರಿಬ್ಬರೂ ಮತ್ತೆ ಒಂದೇ ವೇದಿಕೆಯಲ್ಲಿ ನಿಂತಿದ್ದು 2002ರ ನವೆಂಬರ್ 15ರಂದು. ಲಂಡನ್ನಿನಲ್ಲಿ, ಮುಷ್ಕರದಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯ ನೆರವಿಗಾಗಿ ಜೋ ಹಾಡುತ್ತಿದ್ದ. ಪ್ರೇಕ್ಷಕರ ನಡುವೆ ಇದ್ದ ಮಿಕ್ ಎದ್ದು ಬಂದು ಗಿಟಾರ್ ಹಿಡಿದ. ಅದಾಗಿ 37ನೇ ದಿನ, ಡಿಸೆಂಬರ್ 22ರಂದು, ಜೋ ಮನೆಯಲ್ಲೇ ತೀರಿಕೊಂಡ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು, ಯಾರಿಗೂ ಗೊತ್ತಿರಲಿಲ್ಲ. ವಯಸ್ಸು ಬರೀ 50.

ಇದನ್ನು ಓದಿ ನನ್ನ ರೆಸ್ಯೂಮೆ ನೋಡಿಕೊಂಡೆ. ಅದರಲ್ಲಿ ನನ್ನ ಮಿನಿ ಪ್ರಾಜೆಕ್ಟ್ ಮಿಂಚುತ್ತಿತ್ತು. ಸರ್ಕ್ಯೂಟ್ ಪೂರ್ತಿ ಮಾಡಿದ್ದು ನನ್ನ ಗೆಳೆಯ. ಪ್ರೆಸೆಂಟೇಷನ್ ಕೊಟ್ಟವನು ನಾನು. ಲೇಟಾಗಿ ಬರುತ್ತಾನೆ ಎಂದು ಜಗಳ ತೆಗೆದು, ಮುಂದಿನ ಪ್ರಾಜೆಕ್ಟ್‌ಗೆ ಅವನನ್ನು ಕೈಬಿಟ್ಟು ಬೇರೆ ಟೀಮ್ ಮಾಡಿಕೊಂಡೆ. ಆರು ತಿಂಗಳಿಂದ ಮಾತಿಲ್ಲ. ಹೊಸ ಪ್ರಾಜೆಕ್ಟ್ ಇನ್ನೂ ಕೆಲಸ ಮಾಡುತ್ತಿಲ್ಲ. ಅದನ್ನು ರೆಸ್ಯೂಮೆಯಲ್ಲಿ ಬರೆದೇ ಇಲ್ಲ.

ರೆಸ್ಯೂಮೆ ಕೂಡ ಹಿಟ್ ಹಾಡುಗಳ ಸಂಕಲನವೇ ಅಲ್ಲವೇ ಗೆಳೆಯರೇ? ಗೆದ್ದದ್ದು ಮಾತ್ರ ಪಟ್ಟಿಯಲ್ಲಿರುತ್ತದೆ. ಯಾರ ಜೊತೆ ಗೆದ್ದೆವು, ಯಾರನ್ನು ಬಿಟ್ಟು ಸೋತೆವು ಎಂಬುದು ಇರುವುದಿಲ್ಲ.

ಆ ರಾತ್ರಿಯೇ ಪ್ರಾಜೆಕ್ಟ್‌ನ ಸಾಲಿನಲ್ಲಿ ಸರ್ಕ್ಯೂಟ್ ಅವನದು ಎಂದು ಸೇರಿಸಿದೆ. ಬೆಳಿಗ್ಗೆ ಮೆಸ್‌ನಲ್ಲಿ ತಟ್ಟೆ ಹಿಡಿದು ಹೋಗಿ ಅವನೆದುರು ಕುಳಿತೆ. ಕ್ಷಮೆ ಕೇಳಲು ಮಾತು ಹೊರಡಲಿಲ್ಲ. ಅವನೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದ.