ಮಾನ್ಯಖೇಟದ ಮಹಾವೀರಾಚಾರ್ಯರು

ಅಕ್ಕಲಕೋಟೆಯಿಂದ ಪೂರ್ವಕ್ಕೆ ಹೊರಟು ಕಲಬುರಗಿಯನ್ನು ದಾಟಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರೆತ್ತಿದೊಡನೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಅರಸನನ್ನು ಕೊಂಡಾಡಿ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದ ‘ಗಣಿತಸಾರಸಂಗ್ರಹ’ವನ್ನು ರಚಿಸಿದರೆಂಬುದನ್ನು ಗಣಿತದ ತರಗತಿಯಲ್ಲಿ ಕುಳಿತಿದ್ದ ನಾವು ಅರಿತಿರಲಿಲ್ಲ.

ಆಚಾರ್ಯರ ಬಾಳು ನಮಗೆ ಉಳಿದಿರುವುದು ಈ ಗ್ರಂಥವಾಗಿಯೇ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷದ ಗ್ರಂಥಗಳೊಳಗೆ ಅಡಕಗೊಳಿಸಿದರು. ಇವರು ಗಣಿತವೊಂದನ್ನೇ ಒಂಬತ್ತು ಅಧ್ಯಾಯಗಳಲ್ಲಿ, ಸಾವಿರದ ನೂರಕ್ಕೂ ಮಿಕ್ಕ ಶ್ಲೋಕಗಳಲ್ಲಿ ವಿಸ್ತರಿಸಿದರು. ಸಂಗೀತ, ವೈದ್ಯ, ವಾಸ್ತು ಮಾತ್ರವಲ್ಲದೆ ಅಡುಗೆಗೂ ಗಣಿತ ಬೇಕೆಂದು ಅವರು ಹೇಳಿದ್ದು ನಮಗೆ ಬಲು ಮೆಚ್ಚಿಕೆಯಾಯಿತು.

ವೃತ್ತದ ವಿಷಯದಲ್ಲಿ ಅವರದು ಎರಡು ಲೆಕ್ಕ. ವ್ಯವಹಾರಕ್ಕೆ ಪರಿಧಿಯು ವ್ಯಾಸದ ಮೂರರಷ್ಟು. ಸೂಕ್ಷ್ಮ ಗಣನೆಗೆ ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.162. ಹತ್ತು ಅಡಿ ವ್ಯಾಸದ ಬಾವಿಗೆ ಸುತ್ತುಕಟ್ಟೆ ಕಟ್ಟುವುದಾದರೆ ಮೊದಲ ಲೆಕ್ಕದಲ್ಲಿ ಸುಮಾರು 17 ಇಂಚು ಕಡಿಮೆ ಬೀಳುತ್ತದೆ. ಎರಡನೆಯದರಲ್ಲಿ ಎರಡೂವರೆ ಇಂಚು ಮಾತ್ರ ಹೆಚ್ಚಾಗುತ್ತದೆ. ಈಜಿಪ್ಟಿನ ಪ್ರಾಚೀನ ಲೆಕ್ಕವೂ 3.16ರ ಸಮೀಪದ್ದೇ. ಗ್ರೀಕರ ಆರ್ಕಿಮಿಡೀಸನಾದರೋ ಪೈ ಬೆಲೆಯನ್ನು 3 10/71 ಮತ್ತು 3 1/7ರ ನಡುವೆ ಹಿಡಿದು ನಿಲ್ಲಿಸಿದ್ದನು.

ಇಲ್ಲಿ ಒಂದು ಪ್ರಶ್ನೆ ಏಳದಿರದು. ಆರ್ಯಭಟನು 499ರಲ್ಲಿಯೇ 3.1416 ಎಂಬ ಬೆಲೆಯನ್ನು ಕೊಟ್ಟಿರಲು, ಮೂರೂವರೆ ಶತಮಾನದ ತರುವಾಯ ಆಚಾರ್ಯರು ಹಿಂದೆ ಸರಿದರೇ? ಹತ್ತರ ವರ್ಗಮೂಲವು ಜೈನ ಗ್ರಂಥಗಳಲ್ಲಿ ಬಹುಕಾಲದಿಂದ ಬಂದದ್ದು. ಸಾಗರದಿಂದ ರತ್ನಗಳನ್ನು ಆಯುವಂತೆ ಹಿರಿಯರ ಜ್ಞಾನದಿಂದ ಸಾರವನ್ನು ಆಯ್ದೆನೆಂದು ಹೇಳಿಕೊಂಡವರು ಆ ಪರಂಪರೆಯನ್ನು ಬಿಡಲಿಲ್ಲವೆಂದೇ ನಮ್ಮ ಎಣಿಕೆ. ನಿಖರತೆಯಲ್ಲಿ ಆರ್ಯಭಟನದೇ ಮೇಲುಗೈ. ಅದನ್ನು ಅಭಿಮಾನದಿಂದ ಮರೆಮಾಡಬೇಕಿಲ್ಲ. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದೆಂದು ಬರೆದಲ್ಲಿಯೂ ಆಚಾರ್ಯರು ತಪ್ಪಿದರು. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದವರೂ ಅವರೇ. ಮೊಟ್ಟೆಯಾಕಾರದ ಆಯತವೃತ್ತದ ಪರಿಧಿಗೂ ಅವರು ಸೂತ್ರ ಕೊಟ್ಟರು. ಅದರ ಎರಡು ವ್ಯಾಸಗಳನ್ನು ಸಮ ಮಾಡಿದರೆ ವೃತ್ತದ ಅದೇ ಹತ್ತರ ವರ್ಗಮೂಲ ಮರಳಿ ದೊರೆಯುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. 1963ರಲ್ಲಿ ಹಿಂದೀ ಅನುವಾದದೊಡನೆ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಹೊರಬಂದದ್ದು ಬೇರೆಲ್ಲೂ ಅಲ್ಲ, ನಮ್ಮ ಸೊಲ್ಲಾಪುರದಲ್ಲಿ.